ಮೂರನೆಯ ಎಲೆ

ಅಪ್ಪ ಇವತ್ತು ತಪ್ಪು ಹೇಳಲಿ ಎಂದು ತಾನು ಒಳಗೊಳಗೇ ಹಾರೈಸುತ್ತಿದ್ದೇನೆ ಎನ್ನುವುದು ಅವನಿಗೆ ಹಲ್ಲುಜ್ಜುವಾಗ ಹೊಳೆಯಿತು. ಬಾಯಿ ತುಂಬ ನೊರೆ ಇದ್ದುದರಿಂದ ಆ ಕ್ಷಣಕ್ಕೆ ಏನೂ ಹೇಳಿಕೊಳ್ಳಲಾಗಲಿಲ್ಲ. ಉಗಿದ, ಮುಕ್ಕಳಿಸಿದ, ಕನ್ನಡಿ ನೋಡಿದ. ಕನ್ನಡಿಯಲ್ಲಿದ್ದವನು ನಲವತ್ತು ದಾಟಿದ, ಕಿವಿಯ ಮೇಲೆ ಕೂದಲು ನರೆತ, ಯಾರಿಗೂ ಕೇಡು ಬಯಸುವವನಲ್ಲ ಎಂದು ಯಾರು ಬೇಕಾದರೂ ಹೇಳಬಹುದಾದಂಥ ಮನುಷ್ಯ. ಇದು ಕೇಡೇನೂ ಅಲ್ಲವಲ್ಲ, ವಯಸ್ಸಾದವರು ಇನ್ನೆಷ್ಟು ದಿನ ಅಂತ ಅಂಗಡಿಯಲ್ಲಿ ಕೂರುವುದು, ಎಂದು ಅವನಿಗೆ ತಾನೇ ಸಮಾಧಾನ ಹೇಳಿದ. ಮುಖ ಒರೆಸಿಕೊಂಡು, ಅಡುಗೆಮನೆಯಲ್ಲಿದ್ದ ಹೆಂಡತಿಯ ಕಣ್ಣಿಗೆ ಬೀಳದ ಹಾಗೆ ಹಾದು, ತಾರಸಿಯ ಮೆಟ್ಟಿಲು ಹತ್ತಿದ.

ತಾರಸಿಯಲ್ಲಿ ನೀರಿನ ಟ್ಯಾಂಕಿನ ನೆರಳಿಗೆ ನಾಲ್ಕು ಪ್ಲಾಸ್ಟಿಕ್ ಟ್ರೇಗಳು ಸಾಲಾಗಿದ್ದವು. ಬೇಕರಿಯವನು ಬಿಸಾಡಿದ್ದ ಟ್ರೇಗಳು, ಒಂದರ ಮೂಲೆಯಲ್ಲಿ ಇನ್ನೂ ಕೇಕಿನ ಕಾಗದ ಅಂಟಿಕೊಂಡಿತ್ತು. ಒಂದೊಂದಕ್ಕೂ ಒಂದು ಐಸ್‌ಕ್ರೀಮ್ ಕಡ್ಡಿ ಚುಚ್ಚಿ, ಅಂಗಡಿಯ ಯಾವ ಡಬ್ಬಿಯ ಬೀಜವೋ ಆ ಡಬ್ಬಿಯ ಹೆಸರು ಬರೆದಿದ್ದ. ಹೂಕೋಸು, ಎಲೆಕೋಸು, ನವಿಲುಕೋಸು, ಸಾಸಿವೆ. ಆ ಹೆಸರುಗಳನ್ನು ನಂಬುವ ಹಾಗಿಲ್ಲ ಎನ್ನುವುದಕ್ಕೇ ಈ ಸಂಭ್ರಮವೆಲ್ಲ. ಈ ನಾಲ್ಕರ ಬೀಜ ಒಂದೇ ತಾಯಿಯ ಮಕ್ಕಳ ಹಾಗೆ, ಕಪ್ಪಗೆ, ದುಂಡಗೆ, ಅಂಗೈಯಲ್ಲಿ ಹಾಕಿಕೊಂಡರೆ ಯಾವುದು ಯಾವುದೋ. ಬಿತ್ತಿದ ಮೇಲೂ ಮೊದಲು ಬರುವ ಎರಡೆಲೆ ನಾಲ್ಕಕ್ಕೂ ಒಂದೇ. ಬೆಳೆಯುವ ಪೈರು ಮೊಳಕೆಯಲ್ಲೇ ಕಾಣುತ್ತೆ ಅಂತ ಗಾದೆ ಮಾಡಿದವನು ಬೀಜದ ವ್ಯಾಪಾರ ಮಾಡಿದವನಲ್ಲ ಎಂದು ಅಪ್ಪ ಯಾವಾಗಲೂ ಹೇಳುತ್ತಿದ್ದರು. "ಮೊದಲ ಎರಡೆಲೆ ಸುಳ್ಳು ಹೇಳುತ್ತೆ. ಮೂರನೇದು ಬಾಯಿ ಬಿಡುತ್ತೆ." ಮೂರನೆಯ ಎಲೆ ಈಗ ಬಂದಿತ್ತು. ಕಾಫಿ ಕುಡಿದು ಅಪ್ಪ ಮೇಲೆ ಬರಬೇಕು, ನೋಡಿ, ಯಾವುದು ಯಾವುದೆಂದು ಹೇಳಬೇಕು. ಸರಿಯಾಗಿ ಹೇಳಿದರೆ ಅಂಗಡಿಯ ಬೀಗದಕೈ ಅವರ ಜೇಬಿನಲ್ಲೇ ಇರುತ್ತದೆ. ತಪ್ಪಿದರೆ ಅದು ಮಗನ ಜೇಬಿಗೆ, ಅಪ್ಪ ಮನೆಯಲ್ಲಿ. ಈ ಏರ್ಪಾಡು ಮಗನದೇ. ರಾತ್ರಿ ಊಟದ ಹೊತ್ತಿಗೆ ಅವನು ಅದನ್ನು ಹೇಳಿದಾಗ ಅಪ್ಪ ತಟ್ಟೆಯಿಂದ ತಲೆಯೆತ್ತದೆ "ಆಗಲಿ" ಎಂದಿದ್ದರು, ಹೆಂಡತಿ ಮಾತ್ರ ಪಾತ್ರೆ ತೊಳೆಯುವಾಗ, "ಹೆತ್ತ ಅಪ್ಪನಿಗೆ ಪರೀಕ್ಷೆ ಇಡ್ತೀರಾ? ಹಾಲ್ ಟಿಕೆಟ್ ಕೊಟ್ರಾ?" ಎಂದಿದ್ದಳು.

ಅವನು ಕುಕ್ಕರುಗಾಲಲ್ಲಿ ಕೂತು ಎಲೆಗಳನ್ನು ನೋಡಿದ. ಅವನಿಗೂ ಎಲೆ ಗೊತ್ತು. ಇಷ್ಟು ವರ್ಷ ಅಂಗಡಿಯಲ್ಲಿ ಧೂಳು ಹೊಡೆದದ್ದಕ್ಕೆ ಅಷ್ಟಾದರೂ ಬರಬೇಡವೇ. ಹೂಕೋಸು ಎಂದು ಬರೆದ ಟ್ರೇಯಲ್ಲಿ ಒರಟಾಗಿ, ಸಣ್ಣ ರೋಮವೆದ್ದ, ಗಿಳಿಹಸಿರಿನ ಎಲೆ: ಶುದ್ಧ ಸಾಸಿವೆ. ಎಲೆಕೋಸು ಎಂದಿದ್ದಲ್ಲಿ ದಂಟೆಲ್ಲ ನೇರಳೆ ಬಣ್ಣ: ನವಿಲುಕೋಸು. ನವಿಲುಕೋಸು ಎಂದಿದ್ದಲ್ಲಿ ಮೇಣ ಹಚ್ಚಿದಂಥ ದಪ್ಪ ಎಲೆ: ಎಲೆಕೋಸು. ಕೊನೆಯದರಲ್ಲಿ ಉದ್ದುದ್ದ ಎಲೆಯ ಹೂಕೋಸು. ನಾಲ್ಕಕ್ಕೆ ನಾಲ್ಕೂ ತಪ್ಪು. ಮುದುಕರು ಮರೆತರೂ ಒಂದನ್ನೂ ಬಿಡದ ಹಾಗೆ ಮರೆತಿದ್ದಾರೆ ಎಂದುಕೊಂಡ, ನಗು ಬಂತು, ಆ ನಗು ತನಗೆ ಹಿಡಿಸಿತು ಎನ್ನುವುದು ಹಿಡಿಸಲಿಲ್ಲ. ಮೂಟೆಯಿಂದ ಡಬ್ಬಿಗೆ ತುಂಬುವಾಗ ಅಪ್ಪ ಒಂದಕ್ಕೆ ಇನ್ನೊಂದು ಸುರಿದಿದ್ದಾರೆ ಎಂದು ಅವನು ಮೊದಲ ದಿನವೇ ಹೇಳಿದ್ದ. ಮೊದಲ ದಿನ ಎಂದರೆ ಟೈಲರ್ ಬಂದ ದಿನ. ಟೈಲರ್ ತನ್ನ ಕೆಲಸದಷ್ಟೇ ನೆಟ್ಟಗೆ ತಾರಸಿ ತೋಟ ಮಾಡುವ ಮನುಷ್ಯ, ಬೇರುಸಹಿತ ಕಿತ್ತ ಒಂದು ಗಿಡವನ್ನು ಹೆಗಲ ಮೇಲಿನ ಅಳತೆಪಟ್ಟಿಯನ್ನೂ ತೆಗೆಯದೆ ತಂದು ಅಂಗಡಿಯ ಮೇಜಿನ ಮೇಲಿಟ್ಟಿದ್ದ. "ಹೂಕೋಸು ಕೇಳಿದ್ದೆ ಸ್ವಾಮಿ. ಹೂವು ಬಂದಿದೆ. ಹಳದಿ ಹೂವು." ಹಿಂದೆಯೇ ನರ್ಸಮ್ಮ, ಎಲೆಕೋಸು ಗುಂಡಗಾಗುವ ಬದಲು ನೆಲದ ಮೇಲೆ ಗಡ್ಡೆ ಬಿಟ್ಟಿದೆ ಎಂದು. ಅಪ್ಪ ಟೈಲರನ ಗಿಡವನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, "ನಾನೇ ಕೊಟ್ನಾ?" ಎಂದು ಕೇಳಿದ್ದರು. "ನೀವೇ ಕೊಟ್ರಿ." ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ, ಮಾನ ಸಾಸಿವೆಗೆ ಹೋದರೆ ಇನ್ನೇನು ಕೊಡಬೇಕೋ. ಆಗ ಅವನು, ಅಪ್ಪನ ಬೆನ್ನ ಹಿಂದೆ ನಿಂತಿದ್ದವನು, ಗಿರಾಕಿಗಳ ಮುಂದೆ, "ಅಪ್ಪ, ನಿಮಗೀಗ ಗೊತ್ತಾಗ್ತಾ ಇಲ್ಲ, ಬಿಡಿ" ಎಂದುಬಿಟ್ಟಿದ್ದ. ಎಷ್ಟು ಮೃದುವಾಗಿ, ಎಷ್ಟು ಕಾಳಜಿಯಿಂದ ಬಂದಿತ್ತು ಆ ಮಾತು. ನರ್ಸಮ್ಮ ಮೆಚ್ಚಿಕೊಂಡವಳ ಹಾಗೆ ಅವನ ಕಡೆ ನೋಡಿದ್ದಳು.

ಅವನನ್ನು ಬೀದಿಯೆಲ್ಲ ಜೊಳ್ಳು ಎಂದೇ ಕರೆಯುವುದು. ಜೊಳ್ಳಣ್ಣ ಎನ್ನುವವರೂ ಇದ್ದಾರೆ, ಅವರು ಮರ್ಯಾದಸ್ಥರು. ಹೆಸರಿಟ್ಟವರು ಅಪ್ಪ. ಶಾಲೆ ಮುಗಿಸಿ ಬಂದವನನ್ನು ಗಿರಾಕಿಗಳ ಎದುರು ನಿಲ್ಲಿಸಿ, ಕಣ್ಣು ಮುಚ್ಚಿಸಿ, ಅಂಗೈಗೆ ಒಂದು ಚಿಟಿಕೆ ಹಾಕಿ, "ಯಾವುದು ಹೇಳು" ಎನ್ನುತ್ತಿದ್ದರು. ಬೀಜದ ಕಡೆ ಅವನ ಮನಸ್ಸು ಹೋಗುತ್ತಲೇ ಇರಲಿಲ್ಲ. ರೆಪ್ಪೆಯ ಸಂದಿಯಿಂದ ಅಪ್ಪನ ಮುಖ ನೋಡುತ್ತಿದ್ದ, ಹುಬ್ಬು ಅಲುಗಿತೇ, ತುಟಿ ಬಿಗಿಯಿತೇ. "ಎಳ್..." ಎಂದು ಶುರು ಮಾಡಿ, ಹುಬ್ಬು ಗಂಟಾದರೆ "...ಅಲ್ಲ, ಈರುಳ್ಳಿ" ಎಂದು ತಿರುಗಿಸುತ್ತಿದ್ದ. ಎಷ್ಟೋ ಸಲ ಮೊದಲು ಬಾಯಿಗೆ ಬಂದದ್ದೇ ಸರಿಯಿರುತ್ತಿತ್ತು. ಅಪ್ಪ ನಕ್ಕು, ಎದುರಿದ್ದವರಿಗೆ, "ಬೀಜ ನೀರಿಗೆ ಹಾಕಿದಾಗ ಗಟ್ಟಿ ಕಾಳು ಮುಳುಗುತ್ತೆ, ಜೊಳ್ಳು ಮೇಲೆ ಬಂದು ನಮ್ಮನ್ನೇ ನೋಡುತ್ತೆ. ಇವನು ನೋಡಿ" ಎನ್ನುತ್ತಿದ್ದರು. ಜನ ನಗುತ್ತಿದ್ದರು, ಅವನೂ ನಗುತ್ತಿದ್ದ. ಅಪ್ಪ ಕೆಟ್ಟವರಾಗಿರಲಿಲ್ಲ, ಹೊಡೆದವರಲ್ಲ, ಉಪವಾಸ ಕೆಡವಿದವರಲ್ಲ, ಜ್ವರ ಬಂದಾಗ ಹಣೆಯ ಮೇಲೆ ಕೈಯಿಟ್ಟು ಕೂತವರು. ಬೈಗುಳವೂ ಬೈಗುಳದಂತೆ ಇರುತ್ತಿರಲಿಲ್ಲ. ಹಾಗಾಗಿ ಅದನ್ನು ಯಾರಿಗೂ ದೂರಲು ಬರುತ್ತಿರಲಿಲ್ಲ. ಟೈಲರ್ ಬಂದ ದಿನದಿಂದ ಅಪ್ಪ ಡಬ್ಬಿ ಮುಟ್ಟುವುದನ್ನು ಬಿಟ್ಟಿದ್ದರು. ಮೊನ್ನೆ ಯಾರೋ ಕುಂಬಳದ ಬೀಜ ಕೇಳಿದಾಗ, ಆ ಬೆರಳುಗುರಿನಷ್ಟು ಅಗಲದ ಬಿಳಿಯ ಬೀಜವನ್ನು ಎತ್ತಿ ಹಿಡಿದು ಅವನ ಕಡೆ ತಿರುಗಿ, "ಕುಂಬಳ ತಾನೇ?" ಎಂದು ಕೇಳಿದರು. "ಹೌದಪ್ಪ" ಎಂದ. ಅವನಿಗೆ ಆಗ ಆದದ್ದು ಖುಷಿ, ಬೇರೆ ಹೆಸರಿಲ್ಲ ಅದಕ್ಕೆ.

ನೀರು ಹಾಕುವ ಚೊಂಬು ಟ್ರೇಗಳ ಆಚೆ, ಟ್ಯಾಂಕಿನ ಬುಡದಲ್ಲಿತ್ತು. ಎದ್ದು, ಸುತ್ತಿ ಹೋಗಿ, ಚೊಂಬು ತೆಗೆದುಕೊಂಡು, ಆ ಕಡೆಯಿಂದಲೇ ಕೂತ. ಎಡದಿಂದ ಶುರು ಮಾಡಿ ನೀರು ಚಿಮುಕಿಸುತ್ತಾ, ಅಭ್ಯಾಸಬಲದಿಂದ, ಎಲೆಗಳನ್ನೇ ನೋಡಿ ಬಾಯೊಳಗೇ ಹೇಳಿಕೊಂಡ: ಹೂಕೋಸು, ಎಲೆಕೋಸು, ನವಿಲುಕೋಸು, ಸಾಸಿವೆ. ಹೇಳಿ ಮುಗಿಸಿ ಚೊಂಬು ಕೆಳಗಿಟ್ಟ. ಇದು ಅವನು ಮಗ್ಗಿಗಿಂತ ಮೊದಲು ಕಲಿತ ಸಾಲು. ಅಂಗಡಿಯ ತಗ್ಗು ಕಪಾಟಿನಲ್ಲಿ ಡಬ್ಬಿಗಳು ಇರುವ ಸಾಲು, ಅಪ್ಪ ಕೂರುವ ಕಡೆಯಿಂದ ಎಡಕ್ಕೆ ಹೂಕೋಸು, ಬಲತುದಿಗೆ ಸಾಸಿವೆ. ಇಲ್ಲಿಂದ ನೋಡಿದರೆ ಗಿಡಗಳು ಆ ಸಾಲಿನಲ್ಲೇ ನಿಂತಿದ್ದವು, ಒಂದೂ ಹಿಂದುಮುಂದಾಗದೆ. ಹೆಸರುಗಳು ಮಾತ್ರ ತಿರುಗಿ ನಿಂತಿದ್ದವು. ಅವನು ಎದ್ದು ಈ ಕಡೆ ಬಂದು ನೋಡಿದ, ಮತ್ತೆ ಆ ಕಡೆ ಹೋಗಿ ನೋಡಿದ. ಮುದುಕರ ಮರೆವು ಇಷ್ಟು ಶಿಸ್ತಾಗಿರುವುದಿಲ್ಲ. ಮರೆತು ಸುರಿದಿದ್ದರೆ ಅಲ್ಲೊಂದು ಇಲ್ಲೊಂದು ಸೇರಿಕೊಂಡು ಒಂದು ಟ್ರೇಯಲ್ಲಿ ಎರಡು ಜಾತಿ ಎದ್ದಿರಬೇಕಿತ್ತು. ಇದು ಯಾರೋ ಎದುರು ಕಡೆ ಕೂತು, ತಮಗೆ ಪಾಠ ಬರುತ್ತದೆ ಎನ್ನುವ ನಂಬಿಕೆಯಲ್ಲಿ, ತಮ್ಮ ಎಡವನ್ನೇ ಸಾಲಿನ ಎಡವೆಂದು ತಿಳಿದು ಮಾಡಿದ ಕೆಲಸ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದದ್ದು ಆಗಲೇ. ಆದರೆ ಅವನು ಮುಟ್ಟಿಕೊಂಡದ್ದು ಈಗ. ಆ ಡಬ್ಬಿಗಳ ಹೆಸರು ಡಬ್ಬಿಯ ಮೇಲಿಲ್ಲ, ಮುಚ್ಚಳದ ಮೇಲಿದೆ. ತಗ್ಗು ಕಪಾಟು, ಮೇಲಿನಿಂದ ನೋಡಿದರೆ ಮುಚ್ಚಳವೇ ತಾನೇ ಕಾಣುವುದು. ಅದಲ್ಲದೆ ಡಬ್ಬಿ ತುಕ್ಕು ಹಿಡಿದು ಹೋಗುತ್ತದೆ, ಮುಚ್ಚಳ ಉಳಿಯುತ್ತದೆ ಎನ್ನುವುದು ಅಪ್ಪನ ಲೆಕ್ಕಾಚಾರ. ಹಾಗಾಗಿ ಅಂಗಡಿಯಲ್ಲಿ ಒಂದೇ ಒಂದು ಕಟ್ಟಳೆ: ಒಂದು ಸಲಕ್ಕೆ ಒಂದೇ ಮುಚ್ಚಳ ತೆಗೆಯಬೇಕು, ಅದನ್ನು ಮುಚ್ಚಿಯೇ ಇನ್ನೊಂದು. ಹೆಂಡತಿ ಅಂಗಡಿಗೆ ಬಂದ ಒಂದು ದಿನ ಮುಚ್ಚಳಗಳ ಜಿಡ್ಡು ನೋಡಿ ಮೂಗು ಮುರಿದಿದ್ದಳು. ರಜೆಯ ದಿನ, ಅಪ್ಪ ಕ್ಷೌರಕ್ಕೆ ಹೋಗಿದ್ದಾಗ, ಅವನು ಎಲ್ಲ ಮುಚ್ಚಳಗಳನ್ನೂ ಒಟ್ಟಿಗೆ ಬಿಚ್ಚಿ, ಬಕೆಟ್ಟಿನಲ್ಲಿ ಸೋಪಿಗೆ ನೆನೆಹಾಕಿ, ತಿಕ್ಕಿ, ಒರೆಸಿ, ಗಿರಾಕಿಗಳು ನಿಲ್ಲುವ ಕಡೆ ಕೂತು ಮುಚ್ಚಿದ್ದ. ಕುಂಬಳ, ಹುರುಳಿ, ಮೆಣಸಿನಕಾಯಿ ಎಲ್ಲ ಕಣ್ಣಿಗೆ ಕಾಣುವ ಬೀಜ, ಸರಿಯಾಗಿ ಮುಚ್ಚಿದ. ಈ ನಾಲ್ಕು ಮಾತ್ರ ಸಾಲಿನ ಪ್ರಕಾರ, ತನ್ನ ಎಡದಿಂದ. ಅಪ್ಪ ವಾಪಸು ಬಂದು, ನುಣ್ಣಗೆ ಬೋಳಿಸಿದ ಗಲ್ಲ ಸವರಿಕೊಳ್ಳುತ್ತಾ, "ಏನೋ ಇದು, ಅಂಗಡಿಗೆ ಮದುವೆ ಕಳೆ ಬಂದಿದೆ" ಎಂದಿದ್ದರು. ಒಂದೊಂದೇ ಒರೆಸಿದೆ ಎಂದು ಇವನು ಹೇಳಿದ್ದ. ಕೇಳದೇ ಹೇಳಿದ್ದ.

ಹೇಳಿದರೆ ಏನಾಗುತ್ತದೆ ಎಂದು ಯೋಚಿಸಿದ. ಬೀಗದಕೈ ಅಪ್ಪನ ಜೇಬಿನಲ್ಲೇ ಉಳಿಯುತ್ತದೆ. ಟೈಲರ್, ನರ್ಸಮ್ಮ, ಬೇಕರಿಯವನು, ಎಲ್ಲರೂ ಇನ್ನು ಸಾಯುವ ತನಕ ಹೇಳಿಕೊಂಡು ನಗುತ್ತಾರೆ. ಹೇಳದಿದ್ದರೆ ಏನಾಗುತ್ತದೆ. ಏನೂ ಆಗುವುದಿಲ್ಲ. ಮುಚ್ಚಳ ಬದಲಿಸಿದರೆ ಬೀಜವೂ ಸರಿಹೋಯಿತು, ವ್ಯಾಪಾರವೂ ಸರಿಹೋಯಿತು, ಅಪ್ಪನಿಗೆ ಹೇಗೂ ವಯಸ್ಸಾಗಿದೆ. ಕೊಡೆ ಮರೆತು ಬರುತ್ತಾರೆ, ಸೊಸೆಯನ್ನು ಒಮ್ಮೊಮ್ಮೆ ಮಗಳ ಹೆಸರಿಂದ ಕರೆಯುತ್ತಾರೆ. ಇವತ್ತಲ್ಲ ನಾಳೆ ಆಗಬೇಕಾದದ್ದು ಇವತ್ತಾಯಿತು, ಅಷ್ಟೇ ತಾನೇ. ಉಗುಳಲೂ ಬಾರದ, ನುಂಗಲೂ ಬಾರದ ಬಿಸಿತುಪ್ಪ ಎನ್ನುತ್ತಾರಲ್ಲ, ಇದು ಹಾಗಿರಲಿಲ್ಲ, ಸಲೀಸಾಗಿ ನುಂಗಬಹುದಿತ್ತು. ಅದೇ ಅವನನ್ನು ಹೆದರಿಸಿತು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿತು. ಅಪ್ಪ ಪ್ರತಿ ಮೆಟ್ಟಿಲಿಗೂ ಎರಡೂ ಕಾಲು ಊರಿ ಬರುತ್ತಿದ್ದರು. ಹೀಗೆ ಹತ್ತುವುದನ್ನು ಯಾವಾಗ ಶುರು ಮಾಡಿದರು ಎನ್ನುವುದು ಅವನಿಗೆ ಗೊತ್ತಿರಲಿಲ್ಲ.

ಅಪ್ಪ ಒಗೆದ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಬಂದಿದ್ದರು. ಬಂದವರೇ ಬೀಗದಕೈ ತೆಗೆದು ಟ್ಯಾಂಕಿನ ಕಟ್ಟೆಯ ಮೇಲಿಟ್ಟರು, ಸಂದರ್ಶನಕ್ಕೆ ಬಂದವರು ಸರ್ಟಿಫಿಕೇಟು ಇಡುವ ಹಾಗೆ. "ಎಲ್ಲಿಂದ ಶುರು ಮಾಡ್ಲಿ?" ಎಂದರು. "ಎಲ್ಲಿಂದಾದ್ರೂ ಮಾಡಿ." ಅಪ್ಪ ಮೊದಲನೆಯ ಟ್ರೇಯ ಮುಂದೆ ಬಗ್ಗಿದರು. ಎರಡು ಬೆರಳ ಮಧ್ಯೆ ಎಲೆ ಹಿಡಿದು ರೋಮ ಸವರಿದರು, ಹಿಂಭಾಗ ತಿರುಗಿಸಿ ನೋಡಿದರು. ಆ ಬೆರಳುಗಳಿಗೆ ಅನುಮಾನವೇ ಇರಲಿಲ್ಲ. "ಸಾಸಿ..." ಎಂದು ಶುರು ಮಾಡಿ, ತಲೆಯೆತ್ತಿ ಮಗನ ಮುಖ ನೋಡಿದರು. ಮಗನ ಹುಬ್ಬು ಗಂಟಾಗಿತ್ತು. ಅದು ಬೇರೆ ಯಾವ ಕಾರಣಕ್ಕೋ ಗಂಟಾಗಿತ್ತು, ಅವನು ಅದನ್ನು ಬಿಡಿಸುವಷ್ಟರಲ್ಲಿ ಅಪ್ಪ, "ಅಲ್ಲ, ಅಲ್ಲ. ಹೂಕೋಸು. ಹೂಕೋಸಲ್ವಾ?" ಎಂದರು. ಮುಂದಿನದಕ್ಕೆ ಹೋದರು. ದಂಟಿನ ನೇರಳೆಯನ್ನು ಉಗುರಲ್ಲಿ ಮುಟ್ಟಿದರು, ಮತ್ತೆ ಮುಖ ನೋಡಿದರು. ಅವನು ಈ ಸಲ ಮುಖವನ್ನು ಖಾಲಿ ಇಟ್ಟುಕೊಳ್ಳಲು ಒದ್ದಾಡಿದ, ಖಾಲಿ ಮುಖವೂ ಅಪ್ಪನನ್ನು ಹೆದರಿಸಿತು. "ಇದು... ನೀನೇ ಹೇಳಪ್ಪ. ನನಗೆ ಯಾಕೋ ಒಂದೂ ತಿಳೀತಿಲ್ಲ." ಎದ್ದು ನಿಂತು, ಮೊಣಕಾಲಿನ ಮಣ್ಣು ಕೊಡವಿ, ಬೀಗದಕೈಯನ್ನು ಕಟ್ಟೆಯ ಮೇಲಿಂದ ಅವನ ಕಡೆಗೆ ಸ್ವಲ್ಪ ತಳ್ಳಿದರು. ಬೇಕಾದದ್ದು ಸಿಕ್ಕಿತು.

"ಅಪ್ಪ, ನಾನು ಮಾಡಿದ್ದು" ಎಂದ. "ಏನು?" "ಮುಚ್ಚಳ. ನೀವು ಕ್ಷೌರಕ್ಕೆ ಹೋದಾಗ ಎಲ್ಲಾನೂ ಒಟ್ಟಿಗೆ ತೆಗೆದು ತೊಳ್ದೆ. ವಾಪಸು ಹಾಕೋವಾಗ ಉಲ್ಟಾ ಹಾಕಿದೀನಿ. ನಿಮ್ದೇನೂ ತಪ್ಪಿಲ್ಲ. ಬನ್ನಿ ಇಲ್ಲಿ, ಈ ಕಡೆಯಿಂದ ನೋಡಿ, ಸಾಲು ಹೇಳಿ." ಅಪ್ಪ ಬರಲಿಲ್ಲ. ಅವನು ಕೈ ಹಿಡಿದು ಕರೆದುಕೊಂಡು ಹೋಗಿ ಆ ಕಡೆ ನಿಲ್ಲಿಸಿದ. ಅಪ್ಪ ಗಿಡಗಳನ್ನು ನೋಡಲೇ ಇಲ್ಲ, ಅವನನ್ನೇ ನೋಡುತ್ತಿದ್ದರು, ಆ ನೋಟವನ್ನು ಅವನು ಹಿಂದೆ ಕಂಡಿರಲಿಲ್ಲ. "ಒಂದೊಂದೇ ಒರೆಸಿದೆ ಅಂದಿದ್ಯಲ್ಲ" ಎಂದರು. "ಸುಳ್ಳು ಹೇಳಿದ್ದೆ." "ಈಗ?" "ಈಗ ನಿಜ." ಅಪ್ಪ ನಕ್ಕರು.

ಬಟ್ಟೆ ಒಣಗಿಸಲು ಹೆಂಡತಿ ಬಕೆಟ್ಟಿನೊಂದಿಗೆ ಮೇಲೆ ಬಂದಳು. "ನೀನೇ ಹೇಳೇ, ಮುಚ್ಚಳ ತೊಳೆದಿದ್ದು ಯಾರು?" ಎಂದು ಅವನು ಹೆಚ್ಚುಕಡಿಮೆ ಕೂಗಿದ. ಅವಳು ಇಬ್ಬರ ಮುಖವನ್ನೂ, ಕಟ್ಟೆಯ ಮೇಲಿದ್ದ ಬೀಗದಕೈಯನ್ನೂ ನೋಡಿ, "ಇವರೇ ಮಾವ. ಸೋಪು ಕೇಳೋಕೆ ನನಗೆ ಫೋನ್ ಬೇರೆ ಮಾಡಿದ್ರು" ಎಂದಳು. ಅಪ್ಪನ ಮುಖ ಇನ್ನೂ ಮೆತ್ತಗಾಯಿತು. "ಇಬ್ರೂ ಮಾತಾಡ್ಕೊಂಡಿದೀರ" ಎಂದರು. "ಇಲ್ಲ ಮಾವ, ದೇವರಾಣೆ." "ಆಣೆಗೀಣೆ ಬೇಡಮ್ಮ." ಮಗನ ಹೆಗಲ ಮೇಲೆ ಕೈಯಿಟ್ಟರು. "ನಾನು ನೊಂದ್ಕೋಬಾರ್ದು ಅಂತ ಮೈಮೇಲೆ ಹಾಕ್ಕೋತಿದಾನೆ. ನಿಮ್ಮತ್ತೇನೂ ಹಾಗೇನೇ, ನಾನು ಹಾಲು ಉಕ್ಕಿಸಿದ್ರೂ ತಾನೇ ಉಕ್ಕಿಸಿದೆ ಅಂತಿದ್ಲು." ಕೈಯಿಂದ ಹೆಗಲನ್ನು ಎರಡು ಸಲ ತಟ್ಟಿದರು. "ನೀನು ಇಷ್ಟು ಗಟ್ಟಿ ಅಂತ ನಾನು ತಿಳ್ಕೊಂಡಿರಲಿಲ್ಲ ಕಣೋ." ಹುಟ್ಟಿದಾಗಿನಿಂದ ಅವನು ಕಾದಿದ್ದ ಮಾತು ಅದು. ಯಾವ ಬೀಜ ಸರಿಯಾಗಿ ಹೇಳಿದ್ದರೆ ಅದು ಸಿಗುತ್ತಿತ್ತೆಂದು ಎಷ್ಟು ರಾತ್ರಿ ಹಾಸಿಗೆಯಲ್ಲಿ ಲೆಕ್ಕ ಹಾಕಿದ್ದನೋ. ನಿಜ ಹೇಳಿದ್ದಕ್ಕೆ, ಅದು ಸುಳ್ಳೆಂದು ತಿಳಿದು, ಕೊಟ್ಟರು. ಅವನಿಗೆ ಅಳು ಬಂತು, ಹೆಂಡತಿಯ ಮುಂದೆ ಅತ್ತು ಅಭ್ಯಾಸವಿಲ್ಲದ್ದರಿಂದ ಮೂಗು ಒರೆಸಿಕೊಂಡ. ಅವಳು ಬಟ್ಟೆ ಹಿಂಡುತ್ತಾ ಬೆನ್ನು ತಿರುಗಿಸಿದಳು.

ಇನ್ನು ಒಂದೇ ದಾರಿ ಉಳಿದಿದೆ ಎಂದು ಅವನಿಗೆ ತೋಚಿತು. ಅಪ್ಪನಿಗೆ ಸಿಟ್ಟು ಬರಿಸಬೇಕು. ಎಂಥ ತಪ್ಪು ಹೇಳಬೇಕೆಂದರೆ, ನಿದ್ದೆಯಲ್ಲಿದ್ದರೂ, ಜ್ವರದಲ್ಲಿದ್ದರೂ ಅಪ್ಪ ಎದ್ದು ಕೂತು ಮುಖಕ್ಕೆ ಉಗಿಯಬೇಕು. ನೇರಳೆ ದಂಟಿನ ನವಿಲುಕೋಸಿನ ಸಸಿಯೊಂದನ್ನು ತೋರಿಸಿ, "ಇದು ಟೊಮ್ಯಾಟೊ ಅಪ್ಪ" ಎಂದ. ಹಗ್ಗದ ಹತ್ತಿರ ಹೆಂಡತಿಯ ಕೈ ನಿಂತಿತು. ಅಪ್ಪ ಬಗ್ಗಿದರು. ಎಲೆಯನ್ನು ಉಜ್ಜಿ ಬೆರಳು ಮೂಸಿದರು. ಟೊಮ್ಯಾಟೊ ಎಲೆಯ ವಾಸನೆ ಬೀದಿಯ ಬೆಕ್ಕಿಗೂ ಗೊತ್ತು. ಅವನು ಕಾದ. ಬೈಯಲಿ, ಟೈಲರನ್ನು ಕರೆದು ಅವನ ಮುಂದೆ ಬೈಯಲಿ, ಬೀದಿ ಸೇರುವ ಹಾಗೆ ಬೈಯಲಿ ಎಂದು ಒಂದು ಸಲವೂ ಯಾವ ದೇವರಿಗೂ ಹರಕೆ ಹೊರದವನು ಹರಕೆ ಹೊತ್ತ. ಅಪ್ಪ ಬೆರಳನ್ನು ಇನ್ನೊಂದು ಸಲ ಮೂಸಿದರು. ಮುಖದ ಮೇಲೆ ಏನೋ ಒಂದು ಬಂದು, ನಿಂತು, ಹೊರಟುಹೋಯಿತು.

"ಹೌದು" ಎಂದರು. "ಟೊಮ್ಯಾಟೊ." ಎದ್ದು, "ಹಾಗಾದ್ರೆ ಕೋಲು ಕೊಡಬೇಕಲ್ಲ ಇದಕ್ಕೆ. ಇಲ್ದಿದ್ರೆ ಬಾಗಿಬಿಡುತ್ತೆ" ಎಂದು ಟ್ಯಾಂಕಿನ ಸಂದಿಯಲ್ಲಿ ತಡಕಿ ಒಂದು ಬಿದಿರು ಕಡ್ಡಿ ಹುಡುಕಿದರು. ಸೊಸೆಯ ಹಳೆಯ ಬಟ್ಟೆಯಂಚಿನಿಂದ ಒಂದು ದಾರ ಎಳೆದುಕೊಂಡರು. ಬೆರಳುದ್ದವೂ ಇಲ್ಲದ ಆ ಸಸಿಯ ಪಕ್ಕದಲ್ಲಿ, ಬೇರಿಗೆ ತಾಗದಷ್ಟು ದೂರಕ್ಕೆ ಕಡ್ಡಿ ಊರಿ, ದಂಟು ಬಲಿತರೆ ಬಿಗಿಯಬಾರದೆಂದು ಸಡಿಲ ಬಿಟ್ಟು, ನಿಧಾನವಾಗಿ ಕಟ್ಟಿದರು. ಕಟ್ಟಿ, ಕತ್ತೆತ್ತಿ ಮಗನನ್ನು ನೋಡಿದರು.

"ಗಂಟು ಸರಿಯಾಗಿದ್ಯಾ?"

ಗಂಟು ಸರಿಯಾಗಿಯೇ ಇತ್ತು. ಅವನು ಹಾಗೆಂದು ಹೇಳಿದ.